ಬೆಲ್ಲ ಮುಟ್ಟದ ಮಗು

ಬಹಳ ಹಿಂದೆ, ಎಂದರೆ ಸಮಿತಿಗಳು ಮಾತ್ರ ಆಗಲೇ ಹುಟ್ಟಿದ್ದ ಕಾಲದಲ್ಲಿ, ವಿನಯಾವತಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಲಲಿತಸೇನ ಮಹಾರಾಜ ಹುಟ್ಟುವಾಗಲೂ ಅಳದೆ ಸೂಲಗಿತ್ತಿಗೆ ಕೈಮುಗಿದನೆಂದು ಆಸ್ಥಾನದ ದಾಖಲೆಯಲ್ಲಿತ್ತು. ದಾಖಲೆ ಬರೆಸಿದವನು ಅವನೇ.

ಒಂದು ದಿನ ಅವನ ಭಾಷಣದ ನಡುವೆ ಯಾವುದೋ ಕೂಸು ಆಕಳಿಸಿಬಿಟ್ಟಿತು.

“ನಮ್ಮ ಕಾಲದ ಮಕ್ಕಳು ಹೀಗಿರಲಿಲ್ಲ!” ಎಂದ ರಾಜ.

“ಎಲ್ಲಿಂದ ಬರಬೇಕು ಪ್ರಭು? ಆಗ ತಾವೇ ಮಗುವಾಗಿದ್ದಿರಿ,” ಎಂದ ಬಾಲ್ಯಾಭಿವೃದ್ಧಿ ಸಚಿವ ಗಂಭೀರರಾಯ. “ಈಗಿನವನ್ನು ಕೆಡಿಸಿದ್ದು ಕತೆಗಳು. ಕತೆಯಲ್ಲಿ ಮಕ್ಕಳು ಬೆಲ್ಲ ಕದೀತಾವೆ, ರಾಕ್ಷಸನಿಗೆ ಟೋಪಿ ಹಾಕ್ತಾವೆ, ಕೊನೆಗೆ ಗೆಲ್ತಾವೆ ಬೇರೆ!”

ಕೂಡಲೇ ರಾಜಾಜ್ಞೆ ಹೊರಟಿತು. ಇನ್ನು ರಾಜ್ಯಕ್ಕೆಲ್ಲ ಒಂದೇ ಮಕ್ಕಳ ಪುಸ್ತಕ, ‘ಬಾಲದರ್ಪಣ’. ಅದನ್ನು ರಚಿಸಲು ಏಳು ಪಂಡಿತರ ತಜ್ಞ ಸಮಿತಿ, ಸರಾಸರಿ ವಯಸ್ಸು ಎಪ್ಪತ್ತನಾಲ್ಕು. ಸಮಿತಿ ವೈಜ್ಞಾನಿಕವಾಗಿ ಕೆಲಸ ಮಾಡಿತು. ‘ಚಿಕ್ಕವರಿದ್ದಾಗ ನೀವು ಹೇಗಿದ್ದಿರಿ?’ ಎಂದು ರಾಜ್ಯದ ಹಿರಿಯರನ್ನೆಲ್ಲ ಕೇಳಿ ಬರೆದುಕೊಂಡಿತು. ಮಕ್ಕಳನ್ನು ಕೇಳಲಿಲ್ಲ, ಅವಕ್ಕೆ ಅನುಭವ ಸಾಲದು.

ನೇಕಾರರ ಬೀದಿಯ ಸಿದ್ಲವ್ವನ ಮನೆಗೂ ಗುಮಾಸ್ತ ಬಂದ. ಸಿದ್ಲವ್ವ ಸಂಜೆ ಜಗಲಿಯ ಮೇಲೆ ಕತೆ ಹೇಳುವವಳು. ತಾಯಿಯಿಲ್ಲದ ಆರು ವರ್ಷದ ಮೊಮ್ಮಗಳು ತುಂಗಿಯನ್ನು ಸಾಕಿದ್ದೇ ಕತೆ ಮತ್ತು ಗಂಜಿಯಿಂದ. ಬೆಲ್ಲದ ಗಡಿಗೆ ಖಾಲಿ ಮಾಡಿದ್ದು, ಪಾಠ ಹೇಳುವ ಐಗಳನ್ನು ಕಣಜದೊಳಗೆ ಕೂಡಿ ಅಗುಳಿ ಹಾಕಿದ್ದು, ಸಿದ್ಲವ್ವನ ಕತೆಗಳೆಲ್ಲ ಅವಳ ಬಾಲ್ಯವೇ. ಆದರೆ ಎದುರಿಗೆ ಸರ್ಕಾರಿ ರುಮಾಲು, ಸುತ್ತ ನೆರೆಹೊರೆ. ನಾಲಿಗೆ ತಾನಾಗಿ ಹೊರಳಿತು.

“ನಾನಾ? ಕೂರು ಅಂದ್ರೆ ಕೂರ್ತಿದ್ದೆ ಸ್ವಾಮಿ, ಏಳು ಅಂದ್ರೆ ಏಳ್ತಿದ್ದೆ. ಬೆಲ್ಲ ಮುಂದಿಟ್ರೂ ಮುಟ್ತಿರಲಿಲ್ಲ.”

ಅದೇ ಬಾಲದರ್ಪಣದ ಒಂಬತ್ತನೇ ಪುಟವಾಯಿತು, ಕೈಕಟ್ಟಿ ನಗುವ ಮಗುವಿನ ಬಣ್ಣದ ಚಿತ್ರದ ಸಮೇತ.

ಆಮೇಲೆ ತಪಾಸಣೆ. ಪುಸ್ತಕಕ್ಕೆ ಹೊಂದಿದ ಮಗುವಿಗೆ ಶಿಶು ಪ್ರಮಾಣಪತ್ರ, ಹೊಂದದ್ದಕ್ಕೆ ಬೆಟ್ಟದಾಚೆ ಸುಧಾರಣಾ ಶಿಬಿರ, ಹದಿನೆಂಟು ತುಂಬುವ ತನಕ. ತುಂಗಿಯ ಮುಂದೆ ಬೆಲ್ಲದಚ್ಚು ಇಟ್ಟರು. ತಿಂದಳು. ಬೆರಳು ನೆಕ್ಕಿ, “ಇನ್ನೊಂದೈತಾ?” ಎಂದಳು.

ಶಿಬಿರದ ಪಟ್ಟಿಗೆ ಅವಳ ಹೆಸರು ಬಿತ್ತು. ಸಿದ್ಲವ್ವ ಸೆರಗು ಬಿಗಿದು ನೆಟ್ಟಗೆ ಆಸ್ಥಾನಕ್ಕೆ ಓಡಿದಳು.

“ತಪ್ಪಾಯ್ತು ಬುದ್ಧಿ, ನಾನು ಹೇಳಿದ್ದು ಸುಳ್ಳು. ಬೆಲ್ಲ ಕದ್ದು ಬೆಳೆದೋಳು ನಾನು. ಕೂಸನ್ನ ಬಿಟ್ಬಿಡಿ.”

“ಒಬ್ಬಳ ಮಾತಿಗೆ ಡೇಟಾ ಬದಲಿಸೋಕಾಗುತ್ತೇನಮ್ಮಾ? ಒಂದು ಲಕ್ಷ ಹಿರಿಯರು ಹೀಗೇ ಹೇಳಿದ್ದಾರೆ,” ಎಂದ ಗಂಭೀರರಾಯ.

“ಅವರೂ ಸುಳ್ಳೇ ಹೇಳಿರೋದು! ಕೆಲವರ ಜತೆ ನಾನೇ ಆಡಿದೀನಿ.” ಸಮಿತಿಯ ಅಧ್ಯಕ್ಷ ಶಾಂತಪ್ಪ ಪಂಡಿತ ಅವಳ ಬೀದಿಯವನೇ. ಅವನತ್ತ ತಿರುಗಿದಳು. “ನೀವಾದ್ರೂ ಹೇಳಿ ಶಾಂತಪ್ಪನೋರೇ, ಅಟ್ಟದಿಂದ ಗಡಿಗೆ ಇಳಿಸಿದ್ದು ಯಾರು?”

ಶಾಂತಪ್ಪ ಶಾಲು ಸರಿಮಾಡಿಕೊಂಡ. “ಯಾವ ಗಡಿಗೆ?” ಎಂದ.

ರಾಜ ತೀರ್ಪಿತ್ತ. ಸಿದ್ಲವ್ವನ ಬಾಲ್ಯವನ್ನು ಪೂರ್ವಾನ್ವಯವಾಗುವಂತೆ ರದ್ದುಪಡಿಸಲಾಗಿದೆ. ಬಾಲ್ಯವಿಲ್ಲದವರು ಕತೆ ಹೇಳತಕ್ಕದ್ದಲ್ಲ. ಮೊಮ್ಮಗಳಿಗೆ ಎಂಟು ದಿನದಲ್ಲಿ ಮರುಪರೀಕ್ಷೆ. “ಆಹಾ, ಎಂಥ ಕರುಣೆ!” ಎಂದು ಗಂಭೀರರಾಯ ಕಣ್ಣೊರೆಸಿಕೊಂಡ.

ಎಂಟು ದಿನ ಸಿದ್ಲವ್ವನೇ ಮೊಮ್ಮಗಳಿಗೆ ತನ್ನ ಸುಳ್ಳನ್ನು ಕಲಿಸಿದಳು. ಬೆಲ್ಲ ಮುಂದಿಟ್ಟು, ಕೈ ಚಾಚಿದಾಗಲೆಲ್ಲ ಹೊಡೆದಳು, ಹೊಡೆದು ತಾನೇ ಅತ್ತಳು. ತುಂಗಿ ಪಾಸಾದಳು. ಬೇರೆ ಮನೆಗಳಲ್ಲೂ ಅದೇ ಪಾಠ ನಡೆದಿತ್ತು, ರಾಜ್ಯದ ಫಲಿತಾಂಶ ನೂರಕ್ಕೆ ನೂರು. ಲಲಿತಸೇನನಿಗೆ ‘ಬಾಲ್ಯೋದ್ಧಾರಕ’ ಬಿರುದು ಬಂತು. ಸಮಾರಂಭದಲ್ಲಿ ಒಂದು ಕೂಸೂ ಆಕಳಿಸಲಿಲ್ಲ.

ಆ ಸಂಜೆ ಸಿದ್ಲವ್ವ ಕದ ಹಾಕಿ, ತುಂಗಿಯನ್ನು ಹತ್ತಿರ ಎಳೆದುಕೊಂಡು, ಗಡಿಗೆಯ ಕತೆಯನ್ನು ಪಿಸುಮಾತಿನಲ್ಲಿ ಶುರುಮಾಡಿದಳು. ಕತೆಯ ಹುಡುಗಿ ಅಟ್ಟ ಹತ್ತಿ ಗಡಿಗೆಗೆ ಕೈಹಾಕುವಲ್ಲಿ ನಿಲ್ಲಿಸಿದಳು. ಮೊದಲೆಲ್ಲ ತುಂಗಿ ಮೈಮೇಲೆ ಬಿದ್ದು “ಆಮೇಲೆ?” ಎನ್ನುತ್ತಿದ್ದದ್ದು ಅಲ್ಲೇ.

ತುಂಗಿ ಕೈಕಟ್ಟಿ ನಗುತ್ತಾ ಕೂತಿದ್ದಳು.

“ಆಮೇಲೇನಾಯ್ತು ಅಂತ ಕೇಳೇ, ನನ್ನವ್ವಾ.”

“ಕೇಳಬೇಕಾ ಅಜ್ಜಿ?” ಎಂದಳು ತುಂಗಿ. “ಕೇಳು ಅಂದ್ರೆ ಕೇಳ್ತೀನಿ.”