ಇಲ್ಲದ ಪ್ರೋಟೀನಿಗೂ ಗೆರೆ ಎಳೆದ ಆಂಟಿಬಾಡಿಯವರ ಸನ್ನಿಧಿಗೆ

ಮಾನ್ಯರೇ,

ಫ್ರೀಜರಿನ ಮೇಲಿನ ಖಾನೆಯಲ್ಲಿ, ಹೆಬ್ಬೆರಳಿಗಿಂತ ಚಿಕ್ಕ ಸೀಸೆಯೊಳಗೆ ತಣ್ಣಗೆ ವಿರಾಜಮಾನರಾಗಿರುವ ತಮಗೆ, ಕೈಗವಸು ತೊಟ್ಟ ಎರಡೂ ಕೈಗಳ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕರೆಂಟು ಹೋದಾಗಲೆಲ್ಲ ತಮ್ಮನ್ನು ಐಸ್ ಡಬ್ಬಿಯಲ್ಲಿ ಕೂರಿಸಿಕೊಂಡು ಓಡಿದವಳು ನಾನೇ.

ತಮಗೆ ವಹಿಸಿದ್ದ ಕೆಲಸ ಒಂದೇ. ಪಿತ್ತಜನಕಾಂಗದ ಜೀವಕೋಶದಲ್ಲಿ ಎಷ್ಟು ಕೊಬ್ಬು ಒಳಗಿರಬೇಕು, ಎಷ್ಟು ಹೊರಗೆ ಹೋಗಬೇಕು ಎಂದು ಯಜಮಾನಿಕೆ ಮಾಡುವ ಪ್ರೋಟೀನೊಂದಿದೆ. ಇಲಿಯ ಪಿತ್ತಜನಕಾಂಗ ಅರೆದು ತೆಗೆದ ರಸದಲ್ಲಿ ಅದನ್ನು ಮಾತ್ರ ಹುಡುಕಿ ಹಿಡಿದು, ಒಂದು ಕಪ್ಪು ಗೆರೆಯಾಗಿ ತೋರಿಸಬೇಕು. ತಾವು ಎಳೆದ ಗೆರೆಯಾದರೂ ಎಂಥದು, ಕಾಡಿಗೆ ತೀಡಿದ ಹಾಗೆ! ನಮ್ಮ ಗೈಡು ಅದನ್ನು ನೋಡಿ "ಇಷ್ಟು ಚೆನ್ನಾಗಿ ಬಂದ ಮೇಲೆ ಇನ್ನೇನಮ್ಮ ನೋಡೋದು, ಬರೆಯೋಕೆ ಕೂತ್ಕೋ" ಎಂದರು. ನಾನು ಕೂತೆ, ಆ ಗೆರೆಯ ಮೇಲೆ ಅಧ್ಯಾಯಕ್ಕೆ ಅಧ್ಯಾಯ ಪೇರಿಸಿ ನನ್ನ ಪಿಎಚ್‌ಡಿ ಪ್ರಬಂಧ ಕಟ್ಟಿದೆ.

ಗೆರೆ ಮೂಡಿಸುವ ಮುಂಚೆ ರಸಗಳನ್ನು ಸಾಲುಸಾಲಾಗಿ ಓಡಿಸುವ ಲೋಳೆಹಲಗೆ, ಅಂದರೆ ಜೆಲ್ಲಿನ, ಕೊನೆಯ ಗುಳಿ ಖಾಲಿ ಬಿಟ್ಟರೆ ಪಕ್ಕದ ಸಾಲುಗಳು ಸೊಟ್ಟಗೆ ಓಡುತ್ತವೆಂದು, ಕೈಗೆ ಸಿಕ್ಕಿದ ಯಾವುದಾದರೂ ರಸವನ್ನು ಅದಕ್ಕೆ ತುಂಬುವುದು ನಮ್ಮಲ್ಲಿ ರೂಢಿ. ಮೊನ್ನೆ ಹಾಗೆ ಸಿಕ್ಕಿದ್ದು, ಆ ಪ್ರೋಟೀನೇ ಇಲ್ಲದಂತೆ ಹುಟ್ಟಿಸಿದ ಇಲಿಯದು. ಅಲ್ಲಿ ತಾವು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಲ್ಲೂ ಅದೇ ಗೆರೆ, ಅದೇ ಕಪ್ಪು! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರ ಬಗ್ಗೆ ಕೇಳಿದ್ದೆ. ಕೂಸೇ ಇಲ್ಲದ ಮನೆಗೆ ಹೋಗಿ ತೊಟ್ಟಿಲು ತೂಗಿ ಬಂದ ಕೀರ್ತಿ ತಮ್ಮೊಬ್ಬರದೇ. ಹಾಗಾದರೆ ಇಷ್ಟು ವರ್ಷ ತಾವು ನನಗೆ ತೋರಿಸಿದ್ದು ಯಾರನ್ನು ಎಂಬುದು ತಮಗೂ ಗೊತ್ತಿರಲಾರದು.

ಲ್ಯಾಬಿನಲ್ಲಿ ನಾವೆಲ್ಲ ಅಕ್ಕ ಎನ್ನುವ ಹಿರಿಯ ಸಂಶೋಧಕಿ ನನ್ನ ಮುಖ ನೋಡಲಾರದೆ, "ಚಿತ್ರದಲ್ಲಿ ಕೊನೇ ಸಾಲು ಕತ್ತರಿಸಿಬಿಡೇ, ಯಾರು ಕೇಳ್ತಾರೆ" ಎಂದಳು. ಪ್ರೀತಿಯಿಂದಲೇ ಅಂದಳು. ನಾನೂ ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿದೆ, ಮತ್ತೆ ಅಂಟಿಸಿದೆ, ಆಮೇಲೆ ಅತ್ತುಬಿಟ್ಟೆ. ಪ್ರಬಂಧವನ್ನು ಹಿಂದಕ್ಕೆ ಪಡೆದಿದ್ದೇನೆ. ಗೈಡು ಮಾತು ಬಿಟ್ಟಿದ್ದಾರೆ. ಅಮ್ಮ ಫೋನಿನಲ್ಲಿ "ಮಗಳು ಡಾಕ್ಟರಾದಳು ಅಂತ ಬೀದಿಗೆಲ್ಲ ಹೇಳಿಬಿಟ್ಟಿದೀನಲ್ಲೇ" ಎಂದು ಕೊರಗುತ್ತಾಳೆ.

ಆದಕಾರಣ ತಮ್ಮಲ್ಲಿ ಸವಿನಯ ಬೇಡಿಕೆ: ತಾವು ಖುದ್ದಾಗಿ ಬಂದು ಬೀದಿಯವರಿಗೆಲ್ಲ ಸಮಜಾಯಿಷಿ ನೀಡಬೇಕು, ಅದು ಕಷ್ಟವಾದರೆ, ಆ ಇಲಿಗೆ ಸದರಿ ಪ್ರೋಟೀನನ್ನು ಹುಟ್ಟಿದ ದಿನದಿಂದಲೇ ಅನ್ವಯವಾಗುವಂತೆ ಮಂಜೂರು ಮಾಡಿಸಿಕೊಡಬೇಕು, ಅದೂ ಆಗದಿದ್ದರೆ, ತಮ್ಮ ಚೀಟಿಯ ಮೇಲಿರುವ 'ಅದನ್ನೊಂದೇ ಗುರುತಿಸುತ್ತದೆ' ಎಂಬ ಸಾಲನ್ನು 'ಯಾರನ್ನೂ ನಿರಾಶೆಗೊಳಿಸುವುದಿಲ್ಲ' ಎಂದು ತಿದ್ದಿಸಿಕೊಳ್ಳಬೇಕು.

ಸೀಸೆಯ ಮಾತನ್ನು ಸ್ವಂತ ಕಣ್ಣಿಗಿಂತ ಹೆಚ್ಚು ನಂಬಿದ್ದ,
ತಮ್ಮ ವಿಶ್ವಾಸಿ,
ಇನ್ನೂ ಡಾಕ್ಟರಾಗದವಳು

ತಾ.ಕ.: ಪಕ್ಕದ ಲ್ಯಾಬಿನವರು ಬೆಳಿಗ್ಗೆ ತಮ್ಮನ್ನು ಕೇಳಿಕೊಂಡು ಬಂದಿದ್ದರು. ತಾವು ಇಲ್ಲದ್ದನ್ನೂ ತೋರಿಸುತ್ತೀರೆಂದು ಚಿತ್ರಸಮೇತ ವಿವರಿಸಿದೆ. ತಾಳ್ಮೆಯಿಂದ ಕೇಳಿಸಿಕೊಂಡು, "ಪರವಾಗಿಲ್ಲ ಕೊಡಿ, ನಮ್ಮ ಹತ್ರ ಆ ಇಲಿ ಇಲ್ಲ" ಎಂದರು.