ಕಾಕಾನ ಮನೆಯ ಹದಿಮೂರು ಗಂಟೆ

ನಮ್ಮ ಕಾಕಾನ ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆ ಎಂಬುದು ಆಗುತ್ತಲೇ ಇರಲಿಲ್ಲ. ಹನ್ನೆರಡಾದ ಮೇಲೆ ಊರಿಗೆಲ್ಲ ಒಂದಾದರೆ ಅವರಿಗೆ ಹದಿಮೂರು. ಊರಿನವರು ನಾಲ್ಕಕ್ಕೆ ಚಹಾ ಕುಡಿದರೆ ಇವರು ಹದಿನಾರಕ್ಕೆ ಕುಡಿಯುತ್ತಿದ್ದರು. ಚಹಾ ಅದೇ, ಬಶಿ ಅದೇ, ಸೊರ್ರೆಂದು ಹೀರುವ ಸದ್ದೂ ಅದೇ. ಆದರೂ ಹನ್ನೆರಡು ತಾಸು ಹೆಚ್ಚಿಗೆ ಬದುಕಿದವರ ಗತ್ತು ಅವರ ಮುಖದ ಮೇಲೆ!

ಸ್ವಂತ ಕಾಕಾ ಅಲ್ಲ. ಅರವತ್ತರ ದಶಕದಲ್ಲಿ ಬರೋಡಾದ ರೈಲ್ವೆ ಕಾಲೊನಿಯಲ್ಲಿ ನಮ್ಮದೂ ಅವರದೂ ಗೋಡೆಗೆ ಗೋಡೆ ಹತ್ತಿದ ಕ್ವಾರ್ಟರ್ಸು. ಇಬ್ಬರೂ ಧಾರವಾಡ ಕಡೆಯವರು. ಅಷ್ಟು ದೂರ ಹೋದ ಮೇಲೆ ನಮ್ಮ ಭಾಷೆ ಮಾತಾಡುವ ಗಂಡಸರೆಲ್ಲ ಕಾಕಾ, ಹೆಂಗಸರೆಲ್ಲ ಕಾಕೂ. ನಮ್ಮಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತ, ಕಾಕಾ ಪ್ಯಾಸೆಂಜರ್ ಗಾಡಿಯ ಗಾರ್ಡು. ಇವತ್ತು ಸೂರತ್, ನಾಳೆ ಅಹಮದಾಬಾದ್. ರೈಲ್ವೆಯವರದು ಇಪ್ಪತ್ನಾಲ್ಕು ತಾಸಿನ ಗಡಿಯಾರ ತಾನೆ? ಬೇರೆ ಗಾರ್ಡುಗಳು ಅದನ್ನು ಸ್ಟೇಷನ್ನಿನಲ್ಲೇ ಬಿಟ್ಟು ಬರುತ್ತಿದ್ದರು. ನಮ್ಮ ಕಾಕಾ ಮನೆಗೆ ತಂದರು.

ಹಾಲಿನವನಿಗೆ ಒಮ್ಮೆ ತಮ್ಮ ಗುಜರಾತಿಯಲ್ಲಿ ನಾಳೆಯಿಂದ ಹದಿನಾರು ಗಂಟೆಗೆ ಬಾ ಎಂದರು. ಆತ ಬೆರಳು ಮಡಚಿ ಎಣಿಸಿದ, ಎರಡು ಕೈ ಮುಗಿದುಹೋದವು. ಕೊನೆಗೆ ಕೈಮುಗಿದು, "ಸಾಹೇಬ್, ಮಾರೀ ಭೆಂಸ್ ತೋ ಬಾರ್ ಸುಧೀ ಜ ಗಣೇ ಛೇ" ಎಂದ. ನನ್ನ ಎಮ್ಮೆ ಎಣಿಸುವುದು ಹನ್ನೆರಡರವರೆಗೆ ಮಾತ್ರ ಎಂದು! ಎಮ್ಮೆಯನ್ನೂ ಕರೆದುಕೊಂಡು ಬಾ, ಕಲಿಸುತ್ತೇನೆ ಎಂದು ಕಾಕಾ ಹೇಳಿದ್ದು ತಮಾಷೆಗಲ್ಲ ಎಂದು ನನ್ನ ಅನುಮಾನ.

ಸತ್ಯನಾರಾಯಣ ಪೂಜೆಯ ದಿನವಂತೂ ಕೇಳಬೇಡಿ. ಹದಿನೆಂಟು ಮೂವತ್ತಕ್ಕೆ ಮಂಗಳಾರತಿ, ಆಮೇಲೆ ಊಟ ಎಂದು ಬರೋಡಾದ ಕನ್ನಡದವರಿಗೆಲ್ಲ ಬಾಯಿಮಾತಿನಲ್ಲಿ ಹೇಳಿ ಬಂದಿದ್ದರು. ಸಾಂಬಾರಿನ ಹೊಣೆ ಸ್ಟೇಷನ್ ಎದುರಿನ ಉಡುಪಿ ಹೋಟೆಲಿನ ಭಟ್ಟರದು. ಮಂಗಳಾರತಿ ಆಯಿತು, ಎಲೆ ಹಾಕಿ ಕಾದದ್ದಾಯಿತು, ಬರೀ ಅನ್ನ ಮೊಸರು ಉಂಡು ಜನ ಕೈ ತೊಳೆಯುತ್ತಿದ್ದಾಗ ದೊಡ್ಡ ಪಾತ್ರೆ ಹೊರಿಸಿಕೊಂಡು ಭಟ್ಟರು ಬಂದರು. ರಾತ್ರಿ ಎಂಟೂವರೆ.

"ಹದಿನೆಂಟು ಅಂದ್ರ ಆರು, ಭಟ್ರ" ಎಂದರು ಕಾಕಾ.

"ಆರು ಅಂತಲೇ ಹೇಳ್ಬಹುದಿತ್ತಲ್ಲ ಮಾರಾಯ್ರೆ. ಮುಂದಿನ ಹತ್ತು ನಿಮ್ಮ ರೈಲ್ವೆಯ ಮರ್ಯಾದೆಗೆ ಸೇರಿಸಿದ್ದು ಅಂತ ತೆಗೆದಿಟ್ಟು ಬಂದೆ."

ಮೂರು ದಿನ ಕಾಲೊನಿಯಲ್ಲೆಲ್ಲ ಸಾಂಬಾರಿನದೇ ವಾಸನೆ.

ನಮಗೆಲ್ಲ ಇದು ನಗೆಯಾದರೆ ಕಾಕೂಗೆ ಸಂಕಟವಾಗಿತ್ತು. ಮದುವೆಯಾಗಿ ಬಂದು ವರ್ಷವಾಗಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಗಡಿಯಾರ ನೋಡಲು ಬರುತ್ತಿರಲಿಲ್ಲ. ಊರಲ್ಲಿ ಹೊಸ್ತಿಲ ಮೇಲೆ ಬಿಸಿಲು ಎಲ್ಲಿಗೆ ಬಂತೆಂದು ನೋಡಿ ಹೊತ್ತು ಹೇಳುತ್ತಿದ್ದರಂತೆ. ಈ ಕ್ವಾರ್ಟರ್ಸು ಉತ್ತರಕ್ಕೆ ಮುಖ, ಹೊಸ್ತಿಲಿಗೆ ಬಿಸಿಲೇ ಬರದು. ಕಾಕಾ ಡ್ಯೂಟಿಗೆ ಹೊರಟಾಗ, "ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದರು. "ಹತ್ತೊಂಬತ್ತು ನಲವತ್ತಕ್ಕ" ಎಂದು ಕಾಕಾ ಹೇಳಿದರೆ ತಲೆಯಾಡಿಸುತ್ತಿದ್ದರು. ಆಮೇಲೆ ಹೊಸ್ತಿಲ ಮೇಲೆ ಕುಳಿತರೆ ಮುಗಿಯಿತು. ಊಟವಿಲ್ಲ, ಅಡ್ಡಾಗುವುದಿಲ್ಲ, ಎಲ್ಲಿಗೂ ಬರುವುದಿಲ್ಲ.

"ನಡೀವಾ, ಬಜಾರಕ್ಕ ಹೋಗಿ ಬರೋಣು" ಎಂದು ಅಮ್ಮ ಕರೆದರೆ ಒಂದೇ ಮಾತು: "ಅಷ್ಟರಾಗ ಅವರು ಬಂದುಬಿಟ್ರ, ವೈನಿ?"

ಮಧ್ಯಾಹ್ನ ಹೊರಟ ಗಂಡ ಮಧ್ಯಾಹ್ನವೇ ಬಂದಾನೆಂದು ಕಾಯುವುದೆಂದರೆ! ಬರೋಡಾದಲ್ಲಿ ಅಷ್ಟು ತಿಂಗಳಿದ್ದೂ ಕಾಕೂ ನೋಡಿದ್ದು ನಮ್ಮ ಅಂಗಳ, ಅವರ ಅಂಗಳ, ನಡುವಿನ ನಲ್ಲಿ.

ಹೀಗಿರುವಾಗ ಒಂದು ದಿನ ಕಾಕಾಗೆ ಕಾಲೊನಿಯ ಮಕ್ಕಳ ಮೇಲೆ ಏಕಾಏಕಿ ಪ್ರೀತಿ ಬಂತು. ಡ್ಯೂಟಿ ಇಲ್ಲದ ಸಂಜೆಗಳಲ್ಲಿ ತಮ್ಮ ಹೊಸ್ತಿಲ ಮುಂದಿನ ವರಾಂಡದಲ್ಲೇ ಗಡಿಯಾರದ ಕ್ಲಾಸು. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಗಡಿಯಾರ: ಹೊರಸುತ್ತಿನಲ್ಲಿ ಒಂದರಿಂದ ಹನ್ನೆರಡು, ಒಳಸುತ್ತಿನಲ್ಲಿ ಹದಿಮೂರರಿಂದ ಇಪ್ಪತ್ನಾಲ್ಕು. ನಾವೆಲ್ಲ ನಾಲ್ಕನೆಯ ಇಯತ್ತೆಯವರು, ಗಡಿಯಾರ ನೋಡಲು ಬರುತ್ತಿತ್ತು. ಆದರೂ ಕಾಕಾ ಶುರು ಮಾಡಿದ್ದು, ಸಣ್ಣ ಮುಳ್ಳು ಯಾವುದು, ದೊಡ್ಡ ಮುಳ್ಳು ಯಾವುದು ಎಂಬಲ್ಲಿಂದ. ಅದೂ ಕಿವುಡರಿಗೆ ಹೇಳುವ ಹಾಗೆ ಕೂಗಿ ಕೂಗಿ. ಒಳಗೆ ಅಕ್ಕಿ ಹಸನು ಮಾಡುತ್ತ ಕೂತ ಕಾಕೂಗೆ ತಲೆನೋವು ಬಂದಿರಬೇಕು ಎಂದು ನಾವು ಕನಿಕರಪಡುತ್ತಿದ್ದೆವು. ಆದರೆ ಸರಿ ಉತ್ತರಕ್ಕೆ ಒಂದು ಮುಷ್ಟಿ ಅವಲಕ್ಕಿ ಚೇವಡಾ ಸಿಗುತ್ತಿತ್ತು, ಯಾರು ಬಿಡುತ್ತಾರೆ?

"ಹನ್ನೆರಡರ ಮುಂದಿಂದು ಬಂತಂದ್ರ ಹೆದರಬ್ಯಾಡ್ರಿ. ಎರಡು ಕಳೀರಿ, ಆಮ್ಯಾಲೆ ಮುಂದಿನ ಹತ್ತು ತೆಗೀರಿ. ಹದಿನೇಳರಾಗ ಎರಡು ಹೋದ್ರ?"

"ಹದಿನೈದು."

"ಮುಂದಿನ ಒಂದು ಅಳಸು."

"ಐದು."

"ಐದು! ಸಂಜೀ ಐದು!" ಎಂದು ಕಾಕಾ ಒಳಬಾಗಿಲ ಕಡೆ ಮುಖ ಮಾಡಿ ಸಾರುತ್ತಿದ್ದರು.

ಇದನ್ನೇ ನನ್ನಿಂದ ಎಷ್ಟು ಸಲ ಹೇಳಿಸಿದರೋ. ಉಳಿದವರಿಗೆ ಒಂದು ಪ್ರಶ್ನೆಯಾದರೆ ನನಗೆ ನಾಲ್ಕು. ನಿಧಾನ ಹೇಳು, ಇನ್ನೊಮ್ಮೆ ಹೇಳು, ಎಲ್ಲರಿಗೂ ಕೇಳುವ ಹಾಗೆ ಹೇಳು. ಕಾಲೊನಿಯ ದಡ್ಡಿಯರಲ್ಲಿ ನಾನೇ ಮೊದಲಿನವಳು ಎಂಬುದು ನನಗೆ ಖಾತ್ರಿಯಾಗಿ ಹೋಯಿತು. ಗಾಬರಿಯಲ್ಲಿ ಗೊತ್ತಿದ್ದದ್ದೂ ತಪ್ಪುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ, "ಹತ್ತೊಂಬತ್ತು ನಲವತ್ತು ಅಂದ್ರ ಎಷ್ಟವಾ?" ಎಂದು ನನ್ನನ್ನೇ ಕೇಳಿದರು.

ನಾನು ಭಟ್ಟರ ದಾರಿ ಹಿಡಿದೆ. "ಒಂಬತ್ತು ನಲವತ್ತು."

"ಏಳೂ ನಲವತ್ತು."

ಹೇಳಿದ್ದು ನಮ್ಮಲ್ಲಿ ಯಾರೂ ಅಲ್ಲ. ಎಲ್ಲರೂ ತಿರುಗಿ ನೋಡಿದೆವು. ಕಾಕೂ ಮೊರದಿಂದ ತಲೆ ಎತ್ತಿರಲಿಲ್ಲ, ಕಲ್ಲು ಆರಿಸುತ್ತಲೇ ಇದ್ದರು. ಕಾಕಾ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು, ಚೇವಡಾದ ಡಬ್ಬಿಯನ್ನೇ ನಮ್ಮ ಮುಂದೆ ಸುರಿದು, "ಸಾಲಿ ಮುಗೀತು, ಮನೀಗೆ ನಡೀರಿ" ಎಂದರು. ಮತ್ತೆ ಕ್ಲಾಸು ನಡೆಯಲೇ ಇಲ್ಲ.

ನನ್ನ ದಡ್ಡತನಕ್ಕೆ ಬೇಸತ್ತು ನಿಲ್ಲಿಸಿದರೆಂದು ಮನೆಗೆ ಬಂದು ಅತ್ತೆ. ಅಮ್ಮ ನಗುತ್ತ ಸೆರಗಿನಿಂದ ನನ್ನ ಮೂಗು ಒರೆಸಿದಳು.

"ಹುಚ್ಚೀ, ಆ ಸಾಲಿ ನಿನಗಲ್ಲವಾ. ಎದುರಿಗೆ ಕುಂಡ್ರಿಸಿ ಕಲಿಸಿದ್ರ ಅಕಿಗೆ ನಾಚಿಕಿ. ಅದಕ್ಕ ನಿಮ್ಮನ್ನ ಮುಂದ ಇಟ್ಕೊಂಡು ಕಲಿಸ್ಯಾರ."

ಅದೇ ವಾರ ಕಾಕಾ ಡ್ಯೂಟಿಯಿಂದ ಬಂದಾಗ ಮನೆಗೆ ಬೀಗ ಇತ್ತು. ಕೀಲಿಕೈ ಹಿಡಿದು ವರಾಂಡದಲ್ಲಿ ನಾನು ನಿಂತಿದ್ದೆ.

"ಕಾಕೂ ಊಟ ಮಾಡಿ, ಅಮ್ಮನ ಜೋಡಿ ಬಜಾರಕ್ಕ ಹೋಗ್ಯಾರ."

ಕಾಕಾ ಬೀಗವನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟಕ್ಕ ಬರ್ತೀನಂತ ಹೇಳ್ಯಾಳ?"

"ಇಪ್ಪತ್ತು ಹತ್ತಕ್ಕ ಅಂತ."

ಕೀಲಿಕೈ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಯುನಿಫಾರ್ಮಿನಲ್ಲೇ, ಕಾಕೂ ದಿನಾ ಕೂಡುತ್ತಿದ್ದ ಹೊಸ್ತಿಲ ಮೇಲೆ ಕುಳಿತರು. ಹಸಿವಾಗಿರಬೇಕು, ಕಾಲು ನೋಯುತ್ತಿರಬೇಕು. ಆದರೆ ಅಷ್ಟು ಸುಖವಾಗಿ ಕಾಯುವ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಕೊನೆಗೆ ಅಮ್ಮನೂ ಕಾಕೂನೂ ಚೀಲ ಹೊತ್ತು ಬಂದರು. ಕಾಕೂನ ಕೈತುಂಬ ಹೊಸ ಬಳೆ. ಕಾಕಾ ಏಳದೆ, ಗಾರ್ಡಿನ ಗತ್ತಿನಲ್ಲೇ ಜೇಬಿನ ಗಡಿಯಾರ ತೆಗೆದು ನೋಡಿದರು.

"ಐದು ಮಿನಿಟು ಲೇಟು."

ಕಾಕೂ ಚೀಲ ಕೆಳಗಿಟ್ಟು, ಗಂಡನ ಮುಖ ನೇರವಾಗಿ ನೋಡಿ ಹೇಳಿದರು:

"ಸಿಗ್ನಲ್ ಸಿಗಲಿಲ್ರಿ."