ಚಿಕ್ಕಪ್ಪ ಬೆಳಕಿಗೆ ನಿಂತದ್ದು

ಒಂದೇ ಒಂದು ಹಲ್ಲಿನಿಂದ ಹೊಸ ಮತವನ್ನೇ ಸ್ಥಾಪಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ನಮ್ಮ ಚಿಕ್ಕಪ್ಪ! ಹೋದ ಶನಿವಾರದಿಂದ ನನ್ನ ಮನಸ್ಸು ಸ್ಥಿಮಿತದಲ್ಲಿಲ್ಲ. ಹಾಗಾಗಿ ನಿಧಾನವಾಗಿ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಸಿಡ್ನಿಯ ಗಿರಾವೀನ್‌ನಲ್ಲಿದ್ದಾಗ ಅವರು ಹಾಕಿಸಿಕೊಂಡ ಮೊದಲ ಇಂಪ್ಲಾಂಟ್ ಹಲ್ಲನ್ನು ಮೂಳೆ ಹಿಡಿಯಲಿಲ್ಲ, ಅಲ್ಲಾಡಿ ಬಂದುಬಿಟ್ಟಿತು. ಎರಡನೆಯ ಸಲ ಡೆಂಟಿಸ್ಟ್, ನಮ್ಮ ಮೈಸೂರಿನ ಹುಡುಗಿ, ದವಡೆಗೆ ಕೂರಿಸುವ ಟೈಟಾನಿಯಂ ಸ್ಕ್ರೂವನ್ನು ಮೊದಲು ಪುಟ್ಟ ಪೆಟ್ಟಿಗೆಯಲ್ಲಿಟ್ಟು ಹನ್ನೆರಡು ನಿಮಿಷ ಅಲ್ಟ್ರಾವಯೊಲೆಟ್ ಬೆಳಕು ಕೊಟ್ಟಳು.

"ಇಟ್ಟಲ್ಲೇ ಇದ್ರೆ ಮೆಟಲ್ ಹಳೇದಾಗತ್ತೆ ಅಂಕಲ್. ಬೆಳಕು ಬಿದ್ರೆ ಮತ್ತೆ ಹೊಸದರ ಹಾಗಾಗತ್ತೆ. ಮೂಳೆ ಬೇಗ ಹಿಡ್ಕೋಬಹುದು."

'ಬಹುದು' ಎಂದೇ ಅಂದಳು, ನನಗೆ ನೆನಪಿದೆ. ಚಿಕ್ಕಪ್ಪ ಅದೊಂದನ್ನು ಅಲ್ಲೇ ಬಿಟ್ಟು ಬಂದರು!

ಹಲ್ಲು ನಿಂತಿತು. ನಿಂತದ್ದೇ ತಡ, ಮನೆಗೆ ಬಂದ ಪ್ರತಿಯೊಂದು ಹೊಸ ವಸ್ತುವಿಗೂ ಹನ್ನೆರಡು ನಿಮಿಷ ಬಿಸಿಲು. ಕುಕ್ಕರಿನ ಗ್ಯಾಸ್ಕೆಟ್ಟಿಗೆ. ಪಕ್ಕದ ಟೂಂಗಾಬಿಯಿಂದ ತಂದ ಕರಿಬೇವಿನ ಗಿಡಕ್ಕೆ, ಅದೂ ಗಡಿಯಾರ ಹಿಡಿದು! ಮದುವೆಯಾಗಿ ನಾನು ಹೆಂಡತಿಯನ್ನು ಕರೆದೊಯ್ದರೆ ಬಾಗಿಲಲ್ಲೇ ತಡೆದರು.

"ಆರತಿ ಎತ್ತಬೇಕಾ ಚಿಕ್ಕಪ್ಪ?"

"ಅದು ಆಮೇಲೆ. ಮೊದ್ಲು ಬಿಸಿಲಿಗೆ ತಿರುಗಮ್ಮಾ."

ಅವಳು ತಿರುಗಿದಳು. ಅಂದಿನಿಂದ ಆ ಮನೆಯಲ್ಲಿ ನನಗಿಂತ ಅವಳ ಮಾತೇ ಹೆಚ್ಚು ನಡೆಯಿತು!

ಹೋದ ಶನಿವಾರ ಅವರನ್ನು ಮೆಲ್ಬರ್ನ್‌ಗೆ, ಕ್ಲೇಟನ್‌ನಲ್ಲಿರುವ ಮಗಳ ಮನೆಗೆ ಬಿಡಲು ಹೋದೆ. ಇನ್ನು ಅಲ್ಲೇ ವಾಸ. ಹಿಂದೊಮ್ಮೆ ಹೀಗೇ ಹೋಗಿ, ಡಿಶ್‌ವಾಷರ್ ತೊಳೆದ ಪಾತ್ರೆಗಳನ್ನೆಲ್ಲ ಮತ್ತೆ ತೊಳೆದು, ಮಗಳ ಜೊತೆ ಜಗಳವಾಗಿ, ಮೂರೇ ವಾರಕ್ಕೆ ವಾಪಸಾಗಿದ್ದರು. ಈ ಸಲ ವಾಪಸಾಗಲು ಗಿರಾವೀನ್ ಮನೆ ಇರಲಿಲ್ಲ. ಖಾಲಿ ಮಾಡಿ ಕೀ ಕೊಟ್ಟಾಗಿತ್ತು.

ಸೂಟ್‌ಕೇಸ್ ಇಳಿಸಿದೆ. ಚಿಕ್ಕಪ್ಪ ಬೆಲ್ ಒತ್ತಲಿಲ್ಲ. ಟೋಪಿ ತೆಗೆದು, ಮನೆಯ ಮುಂದಿನ ಹುಲ್ಲಿನ ನಡುವೆ ನಿಂತು, ಬೋಳು ತಲೆಯನ್ನು ಸೂರ್ಯನಿಗೊಡ್ಡಿದರು.

"ಚಿಕ್ಕಪ್ಪ, ಒಳಗೆ ನಡೀರಿ. ಎದುರುಮನೆಯವ್ರು ನೋಡ್ತಿದಾರೆ."

"ನೋಡ್ಲಿ ಬಿಡೋ. ಇನ್ನೂ ಎಂಟು ನಿಮಿಷ ಇದೆ."

"ನಿಮಗ್ಯಾಕೆ ಇದು?"

"ಹೋದ್ಸಲ ಹಾಗೇ ಒಳಗೆ ಹೋಗ್ಬಿಟ್ಟೆ ಕಣೋ. ಹಿಡೀಲಿಲ್ಲ."

ನನಗೆ ನಗು ಬರಲಿಲ್ಲ.

ಬಾಗಿಲು ತೆರೆಯಿತು. ಮಗಳು ನೋಡಿದಳು. ಹಾಗೇ ತಿರುಗಿ ಒಳಗೆ ಹೋದಳು. ಚಿಕ್ಕಪ್ಪ ಸೂಟ್‌ಕೇಸಿನ ಹಿಡಿಯನ್ನು ಮುಟ್ಟಿ ನೋಡಿದರು. ಅವಳು ಮತ್ತೆ ಬಂದಾಗ ಕೈಯಲ್ಲಿ ಸನ್‌ಸ್ಕ್ರೀನ್ ಇತ್ತು.

"ಅದು ಹಚ್ಚಿದ್ರೆ ಬೆಳಕು ಇಳಿಯಲ್ವಲ್ಲೇ!"

"ನಿಮಗೆ ಆ ಬೆಳಕೇನೂ ಬೇಕಾಗಿಲ್ಲ ಅಪ್ಪಾ. ತಲೆ ಬಗ್ಗಿಸಿ."

ಅವರು ಬಗ್ಗಿಸಿದರು. ಶಾಲೆಗೆ ಹೊರಟ ಮಗುವಿಗೆ ಹಚ್ಚುವಂತೆ ಅವಳು ನೆತ್ತಿಗೆಲ್ಲ ಹಚ್ಚಿ, ಕಿವಿಯ ಹಿಂದೆಯೂ ಮೆಲ್ಲಗೆ ಸವರಿದಳು.